ಕಂದೀಲು ಹಿಡಿದ ಮುದುಕ

ಕಾಣುವುದನ್ನೂ ಕಾಣದಿರುವುದನ್ನೂ ಒಂದೇ ಕರುಣೆಯಿಂದ ಕಾಯುವ ಪರಮಾತ್ಮನಿಗೆ ನಮಿಸಿ, ಕಂಡದ್ದನ್ನಷ್ಟೇ ಹೇಳುತ್ತೇನೆ.

ನನ್ನ ನಾದಿನಿ ಭವಿಷ್ಯ ಹೇಳಲು ಬಳಸುವ, ಇಸ್ಪೀಟಿನಂಥ ಟ್ಯಾರೋ ಎಲೆಗಳನ್ನು ಪ್ರಾಚೀನ ಶೈಲಿಯಲ್ಲಿ ಚಿತ್ರಿಸಿ, ಜೊತೆಗೊಂದು ವಿವರಣೆಯ ಪುಸ್ತಕವನ್ನೂ ಬರೆದಿದ್ದಳು. ಅಚ್ಚಿಗೆ ಮೊದಲು ಪುಸ್ತಕಗಳನ್ನು ಪರಿಶೀಲಿಸುವುದು ನನ್ನ ಕೆಲಸ; ನಾನು ಒಪ್ಪಿದರಷ್ಟೇ ಅಚ್ಚು ಎಂದಿದ್ದರು ಪ್ರಕಾಶಕರು. ಕಣ್ಣು ಮಂಜಾಗುತ್ತಿದ್ದ ಅವಳಿಗೆ ಇದೇ ಕೊನೆಯ ಕೆಲಸ.

ಒಂದು ಮಧ್ಯಾಹ್ನ ಅವಳೆದುರೇ ಕುಳಿತು, ನನ್ನ ಅಭ್ಯಾಸದಂತೆ ಮೊದಲು ವಾಕ್ಯವನ್ನು ಓದಿ ಆಮೇಲೆ ಚಿತ್ರವನ್ನು ನೋಡುತ್ತ ಬಂದೆ.

"ಬಣ್ಣ ಚೆನ್ನಾಗಿದೆ. ಪುಸ್ತಕ ಮಾತ್ರ ನಿನ್ನ ಹಾಗೇ, ಬಾಯಿ ಮುಚ್ಚೋದೇ ಇಲ್ಲ."

"ನಿಮ್ಮ ಹೊಗಳಿಕೆ ಉಪ್ಪಿಲ್ಲದ ಅಡುಗೆ ಭಾವ. ಮುಂದೆ ಓದಿ."

'ಕಂದೀಲು ಹಿಡಿದ ಮುದುಕನು ನಮ್ಮನ್ನೇ ದಿಟ್ಟಿಸುತ್ತಾನೆ' ಎಂದು ಓದಿ ಎಲೆಯನ್ನು ಎತ್ತಿಕೊಂಡೆ. ಮುದುಕ ಬೆನ್ನು ತೋರಿಸಿ ನಿಂತಿದ್ದ. ಆರಿದ ಬತ್ತಿಯ ವಾಸನೆ ಬಂದಿತು. ಎಲೆ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಮುಖ ಎಲ್ಲಮ್ಮ?"

ಅವಳು ಎಲೆಯನ್ನು ಕಣ್ಣಿನ ಬಳಿ ಹಿಡಿದಳು. "ಬರೆದಿದ್ದೆ ಭಾವ. ಮೂಗು ಉದ್ದ ಆಯ್ತು ಅಂತ ಅಕ್ಕ ನಕ್ಕಿದ್ದು ನೆನಪಿಲ್ವಾ?"

ನೆನಪಿತ್ತು. ಎಂದೋ ಒಣಗಿದ್ದ ಆ ಚಿತ್ರದ ಬಣ್ಣ ಅವಳ ಬೆರಳಿಗೆ ಹಸಿಯಾಗಿ ಅಂಟಿತ್ತು.

ಅವಳ ಮುಖ ನೋಡಿ ಒಪ್ಪಿಗೆ ಬರೆದುಕೊಟ್ಟೆ. ಅದೇ ಎಲೆಯಿಂದ ಅಚ್ಚಾಯಿತು. ಓದುಗರೆಲ್ಲ ಮುದುಕನ ಶಾಂತವಾದ ನೋಟವನ್ನು ಮೆಚ್ಚಿ ಬರೆಯುತ್ತಿದ್ದಾರೆ. ನಮ್ಮಲ್ಲಿರುವ ಮೂಲಚಿತ್ರದಲ್ಲಿ ಇಂದಿಗೂ ಬೆನ್ನೇ ಇದೆ.

ಕೇಳಿದವರೆಲ್ಲರ ಮನೆಗೂ ಮನಸ್ಸಿಗೂ ದೈವದ ಕಾವಲಿರಲಿ.