ಕೌದಿಯಲ್ಲಿ ಬಿಳಿ ಸೀರೆ

“ಇಲ್ಲಿದ್ದ ಹಸಿರು ತುಂಡು ಎಲ್ಲಿ, ಸುಗತ?”

ಶೀತಲ್ ಕೌದಿಯನ್ನು ಮಂಚದ ಮೇಲೆ ಹರಡಿ ಕೇಳಿದಳು. ಸುಗತ ಬಾಗಿಲಿಗೊರಗಿ ನಗುತ್ತಿದ್ದ. ಅಯ್ಯೋ ಪಾಪ, ಅವನಿಗೇನು ಗೊತ್ತು! ರಿಪೇರಿ ಮಾಡಿಸಿದ್ದನ್ನು ನೋಡಿ ಅವಳು ಕುಣಿದಾಡುತ್ತಾಳೆ ಅಂದುಕೊಂಡಿದ್ದ. ಅದೇ ಖುಷಿಯಲ್ಲಿ ಮದುವೆಯ ಮಾತೆತ್ತಬೇಕು ಅಂತ ಹೊಸ ಶರ್ಟನ್ನೂ ಹಾಕಿಕೊಂಡಿದ್ದ.

ಗದಗಿನಲ್ಲಿರುವ ಶೀತಲ್‌ಳ ಅಜ್ಜಿ ಸಂಗಮ್ಮ ಹೊಲಿದ ಕೌದಿ ಅದು. ಮನೆಯವರೆಲ್ಲರ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿದ ಹೊದಿಕೆ. ಪಿ.ಜಿ. ಬದಲಿಸುವ ಗಡಿಬಿಡಿಯಲ್ಲಿ ಶೀತಲ್ ಅದನ್ನು ಹಲಸೂರಿನ ಅವನ ಮನೆಯಲ್ಲಿಟ್ಟು ಹೋಗಿದ್ದಳು.

“ಅಬ್ಬಾ, ಏನ್ ಭಾರ! ನಿಮ್ಮೂರನ್ನೇ ತುಂಬ್ಕೊಂಡ್ ಬಂದ್ಬಿಟ್ಯಾ?” ಎಂದು ಅವನು ಅವತ್ತು ರೇಗಿಸಿದ್ದ.

“ಊರಲ್ಲ, ನಮ್ಮ ಮನಿ ಮಂದಿ ಅದಾರ ಇದ್ರಾಗ. ನೀನೂ ಸೇರ್ತಿಯೇನು?” ಎಂದು ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. ಆ ನೋಟಕ್ಕೆ ಹುಡುಗ ಅಲ್ಲೇ ಕರಗಿಹೋಗಿದ್ದ.

“ಅದು ಹರಿದು ಚಿಂದಿ ಆಗಿತ್ತು ಕಣೇ,” ಎಂದ ಈಗ. “ಶಿವಾಜಿನಗರದ ಟೇಲರ್ ಶಮೀಮ್ ಭಾಯ್ ಹತ್ರ ಬಿಚ್ಚಿಸಿ, ಅಲ್ಲಿಗೆ ನಮ್ಮಮ್ಮನ ಸೀರೆ ಕತ್ತರಿಸಿ ಹಾಕ್ಸ್ದೆ. ಬುದ್ಧ ಪೂರ್ಣಿಮೆಗೆ ಉಡ್ತಿದ್ಳಲ್ಲ, ಆ ಬಿಳಿದು. ಅಮ್ಮ ಈಗಿಲ್ಲ. ನೀನು ಈ ಮನೆಗೆ ಬಂದ್ರೆ, ಅವಳೂ ನಿನ್ ಜೊತೆ ಇರ್ಲಿ ಅಂತ...”

ಶೀತಲ್ ಮಂಚದಂಚಿಗೆ ಕುಸಿದು ಕೂತಳು.

“ಕೌದಿ ಬಿಚ್ಚೂದಿಲ್ಲೋ. ಹರಿದ್ರ ಅದರ ಮ್ಯಾಲೇ ಹೊಸಾದು ಹಚ್ಚಿ ಹೊಲೀತಾರ. ಹಳೇದು ಒಳಗ ಇರ್ತೈತಿ. ಅದು ನಮ್ಮವ್ವನ ಸೀರಿ. ಅವ್ವ ಹೋದಾಗ ನಾ ಕೂಸು. ಆಕಿದೊಂದು ಫೋಟೋನೂ ಇಲ್ಲ. ಆ ತುಂಡಿನ ಮ್ಯಾಲೆ ಕೈ ಇಟ್ಕೊಂಡೇ ದಿನಾ ಮಲಗ್ತಿದ್ದೆ.”

ಸುಗತ ತಕ್ಷಣ ಟೇಲರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಚಿಂದಿ ಎಲ್ಲಾ ಅವತ್ತೇ ಕಸದ ಗಾಡಿಗೆ ಹೋಯ್ತಲ್ಲಪ್ಪಾ. ನೀನೇ ಬೇಡ ಅಂದ್ಯಲ್ಲ,” ಎಂದರು ಶಮೀಮ್ ಭಾಯ್. ಹೌದು, ಅವನೇ ಅಂದಿದ್ದ.

“ಬೈಯಿ ಶೀತಲ್. ಬೇಕಾದ್ರೆ ಹೊಡಿ.”

“ಒಂದು ಬ್ಲೇಡ್ ಕೊಡು,” ಎಂದಳು ಅವಳು.

ಬಿಳಿ ಸೀರೆಯ ಹೊಲಿಗೆಯನ್ನು ಬಿಚ್ಚತೊಡಗಿದಳು. ಬಟ್ಟೆಯ ಒಂದೆಳೆಯೂ ತುಂಡಾಗದಂತೆ ಬಿಚ್ಚಿದಳು. ಕಣ್ಣೀರು ಮಾತ್ರ ಧಾರಾಕಾರ ಸುರಿಯುತ್ತಿತ್ತು.

“ಅಮ್ಮಂದು ಇರ್ಲಿ ಬಿಡೇ.”

“ಬ್ಯಾಡ. ಇದನ್ನ ಹೊದ್ದಾಗೆಲ್ಲ ನನಗ ನಿಮ್ಮವ್ವನ ಮ್ಯಾಲೆ ಸಿಟ್ಟು ಬರ್ತೈತಿ. ಪಾಪ, ಆಕಿ ಏನ್ ಮಾಡ್ಯಾಳ? ನಿನ್ನ ಮುಖ ನೋಡಿದ್ರೂ ಈಗ ಕಸದ ಗಾಡೀನೇ ಕಣ್ಣಿಗೆ ಬರಾಕ್ಹತ್ತೈತಿ.”

“ನನ್ ಮೇಲೆ ಪ್ರೀತಿ ಇಲ್ವಾ?”

“ಭಾಳ ಐತೋ ಸುಗತ. ಅದಕ್ಕ ಹೊಂಟೀನಿ. ಇಲ್ಲೇ ಉಳಿದ್ರ, ದಿನಾ ಚುಚ್ಚಿ ಚುಚ್ಚಿ ನಿನ್ನ ಕೊಲ್ತೀನಿ.”

ಬಿಳಿ ತುಂಡನ್ನು ಮಡಚಿದಳು. ಕಣ್ಣಿಗೊತ್ತಿಕೊಂಡು ಅವನ ಅಂಗೈಯಲ್ಲಿಟ್ಟಳು.

“ಜೋಪಾನ ಮಾಡು. ಮತ್ತ ಯಾವ ಹುಡುಗಿಗೂ ಕತ್ತರಿಸಿ ಕೊಡಬ್ಯಾಡ.”

ತೂತುಬಿದ್ದ ಕೌದಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಸುಗತ ಹಿಂದೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋದಾನು?