ಮಹಡಿಯ ಮೇಲಿನ ಒಲೆ

ಜನಗಣತಿಯ ಮನೆಪಟ್ಟಿ ಮಾಡಲು ನನಗೆ ಬಂದ ಬ್ಲಾಕಿನಲ್ಲಿ ಹಾಲೇಶನ ಮನೆಯೂ ಇದೆ ಅನ್ನುವುದು ನಕ್ಷೆ ಕೈಗೆ ಬಂದ ಕೂಡಲೇ ಗೊತ್ತಾಯಿತು. ಕಂಪ್ಲಿಯ ಆ ಗಿರಣಿ ಓಣಿಯನ್ನು ಕಣ್ಣು ಕಟ್ಟಿ ಬಿಟ್ಟರೂ ನಾನು ಗುರುತಿಸುತ್ತೇನೆ. ನಮ್ಮ ಶಾಲೆಯ ಹುಲಿಗೇಶ್ ಸರ್ ಹತ್ತಿರ ಹೋಗಿ, "ಬ್ಲಾಕ್ ಅದಲುಬದಲು ಮಾಡ್ಕೊಳ್ಳೋಣೇನ್ರಿ ಸರ್?" ಅಂದೆ.

"ಯಾಕ್ರಿ ಮೇಡಂ, ಆ ಓಣ್ಯಾಗ ನಾಯಿ ಭಾಳ ಅದಾವೇನು?"

"ನಾಯಿ ಆಗಿದ್ರ ನಡೀತಿತ್ರಿ," ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಅದಲುಬದಲಿಗೆ ಮೇಲಿನವರಂತೂ ಒಪ್ಪಲೇ ಇಲ್ಲ.

ಹೀಗಾಗಿ ಹತ್ತು ಗಂಟೆಗೇ ನೆತ್ತಿ ಸುಡುವ ಬಿಸಿಲಿನಲ್ಲಿ, ಕೊರಳಿಗೆ ಗುರುತಿನ ಚೀಟಿ ನೇತು ಹಾಕಿಕೊಂಡು, ಇನ್ನೆಂದೂ ತುಳಿಯುವುದಿಲ್ಲ ಅಂದುಕೊಂಡಿದ್ದ ಹೊಸ್ತಿಲ ಮುಂದೆ ನಿಂತೆ. ನನ್ನ ಹೆಸರು ಸಂಘಮಿತ್ರಾ. ವಯಸ್ಸು ಮೂವತ್ತಾರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಮದುವೆಯಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಜನ ಹೇಗೂ ಕೇಳುತ್ತಾರೆ.

ಬಾಗಿಲು ತೆರೆದವರು ಹಾಲೇಶನ ಅಣ್ಣ ಉಜ್ಜಿನಪ್ಪ. ಅವರು ನನ್ನನ್ನು ಎಂದೂ ನೋಡಿದವರಲ್ಲ. "ಬರ್ರಿ ಮೇಡಂ, ಕುಂದ್ರಿ," ಅಂದು ಫ್ಯಾನು ಜೋರು ಮಾಡಿದರು. ನಾನು ಮೊಬೈಲ್ ತೆರೆಯುವ ಮೊದಲೇ ಅವರು ಶುರು ಮಾಡಿಯಾಗಿತ್ತು.

"ನಮ್ದು ಒಂಬತ್ತು ಮಂದಿ, ಒಂದ ಒಲಿ. ಈ ಓಣ್ಯಾಗ ಎಲ್ಲಾರ ಮನಿ ಒಡೆದು ಎರಡಾದ್ವು, ಮೂರಾದ್ವು. ನಮ್ದೊಂದು ಹಂಗ ಉಳಿದೈತಿ ನೋಡ್ರಿ. ಹಂಗ ಬರ್ಕೊಳ್ರಿ."

ಗಿರಣಿ ಇಟ್ಟುಕೊಂಡ ಮನೆಗಳಲ್ಲಿ ಇದು ದೊಡ್ಡ ಮರ್ಯಾದೆಯ ಮಾತು. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದೂ ಅದೇ. ಗೋಡೆ ಎಣಿಸಬೇಡಿ, ಒಲೆ ಎಣಿಸಿ. ಒಂದೇ ಸೂರಿನ ಕೆಳಗೆ ಮಲಗಿದರೂ ಅಡುಗೆ ಬೇರೆಯಾದರೆ ಲೆಕ್ಕದಲ್ಲಿ ಕುಟುಂಬವೂ ಬೇರೆ.

"ಮದುವೆಯಾದ ಜೋಡಿ ಎಷ್ಟ್ರಿ?" ಅಂತ ಕೇಳಿದೆ.

"ಎರಡು. ನಾವು, ಮತ್ತ ನಮ್ಮ ಸಣ್ಣ ತಮ್ಮ."

ಅಣ್ಣತಮ್ಮಂದಿರು ಮೂವರು ಅನ್ನುವುದು ನನಗೆ ಗೊತ್ತು. ಮೂರರಲ್ಲಿ ಎರಡು ಹೋದರೆ ಎಷ್ಟು ಅನ್ನುವುದಕ್ಕೆ ಗಣಿತದ ಮೇಷ್ಟ್ರೇ ಬೇಕಾಗಿಲ್ಲ. ಆದರೂ ನಾನು ಆ ಲೆಕ್ಕವನ್ನು ಮನಸ್ಸಿನಲ್ಲಿ ಎರಡೆರಡು ಸಲ ಮಾಡಿದೆ.

ಅಷ್ಟರಲ್ಲಿ ಒಳಗಿನಿಂದ ಹಾಲೇಶನ ತಾಯಿ ಮರುಳಸಿದ್ದಮ್ಮ ಅಕ್ಕಿ ಆರಿಸುವ ಮೊರ ಹಿಡಿದುಕೊಂಡು ಬಂದು ಕುಳಿತರು. ನನ್ನ ಮುಖ ನೋಡಿದರು. ಮೊರದ ಮೇಲೆ ಆಡುತ್ತಿದ್ದ ಕೈ ಹಾಗೇ ನಿಂತಿತು. ಗುರುತು ಸಿಕ್ಕಿದೆ ಅಂತ ನನಗೂ ಗೊತ್ತಾಯಿತು.

ನಾನು, ಹಾಲೇಶ ಹೊಸಪೇಟೆಯಲ್ಲಿ ಡಿಗ್ರಿ ಓದಿದವರು. ಬೆಳಿಗ್ಗೆ ಏಳೂವರೆಯ ಬಸ್ಸು. ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುವುದರಲ್ಲಿ ಅವನು ಬಲು ಜಾಣ. ಹಿಡಿದ ಸೀಟಿನಲ್ಲಿ ನನ್ನನ್ನು ಕೂರಿಸಿ ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ. ಹೊರಗೆ ನೋಡುವ ಹಾಗೆ ಮಾಡುತ್ತಿದ್ದ, ನೋಡುತ್ತಿದ್ದದ್ದು ಕಿಟಕಿ ಗಾಜಿನಲ್ಲಿ ಕಾಣುವ ನನ್ನ ಮುಖವನ್ನು. ನಾನೂ ಗಾಜಿನಲ್ಲೇ ಅವನನ್ನು ನೋಡುತ್ತಿದ್ದೆ. ಕಣ್ಣು ಕೂಡಿದರೆ ಇಬ್ಬರೂ ಬೇರೆ ಕಡೆ ತಿರುಗುತ್ತಿದ್ದೆವು.

ಶನಿವಾರ ಕಾಲೇಜು ಅರ್ಧ ದಿನ. ಮರಳುವಾಗ ಕಮಲಾಪುರದಲ್ಲಿ ಇಳಿದು, ಬಾಳೆ ತೋಟಗಳ ನಡುವಿನ ದಾರಿಯಲ್ಲಿ ಹಂಪಿಯ ಕಡೆ ನಡೆಯುತ್ತಿದ್ದೆವು. ನನ್ನವ್ವ ಹಂಪಕ್ಕ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಯಾವುದಾದರೂ ಸಾಲುಮಂಟಪದ ನೆರಳಿನಲ್ಲಿ ಬಿಚ್ಚುತ್ತಿದ್ದೆ. ಮೂರರಲ್ಲಿ ಎರಡು ರೊಟ್ಟಿ ಅವನಿಗೇ. "ನಮ್ಮನ್ಯಾಗ ಬರೇ ಅನ್ನ ನೋಡು," ಅನ್ನುತ್ತಿದ್ದ ಬಾಯಿ ತುಂಬಾ ತುಂಬಿಕೊಂಡು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಸುಮ್ಮಸುಮ್ಮನೆ ನಗು ಬರುತ್ತದೆ.

ಬಿ.ಎಡ್ ಮುಗಿದ ವರ್ಷ ಅವನು ನನ್ನನ್ನು ಮನೆಗೆ ಕರೆದುಕೊಂಡು ಬಂದ. ಇದೇ ಪಡಸಾಲೆ. ಮರುಳಸಿದ್ದಮ್ಮ ಚೆನ್ನಾಗಿಯೇ ಮಾತಾಡಿಸಿದರು. ಹೆಸರು ಕೇಳಿದರು, ಅಪ್ಪ ಬುದ್ಧವಿಹಾರಕ್ಕೆ ಹೋಗುವವರು ಅಂತ ನಾನೇ ಹೇಳಿದೆ. ಆಮೇಲೆ ಚಹಾ ಬಂತು. ಮನೆಯವರಿಗೆಲ್ಲ ಸ್ಟೀಲಿನ ಲೋಟ, ನನಗೊಬ್ಬಳಿಗೆ ಕಾಗದದ ಕಪ್ಪು.

ನಾನು ಹಾಲೇಶನ ಮುಖ ನೋಡಿದೆ. ಅವನು ತನ್ನ ಲೋಟದ ಚಹಾ ಆರಿಸಿಕೊಂಡು ಕುಡಿಯುತ್ತಿದ್ದ. ಅಷ್ಟೇ. ಜಗಳವಿಲ್ಲ, ಕೆಟ್ಟ ಮಾತಿಲ್ಲ. ಮರುವಾರವೇ ಸಂಡೂರು ತಾಲೂಕಿನ ಬಂಡ್ರಿಯ ಶಾಲೆಗೆ ಕೆಲಸಕ್ಕೆ ಹೊರಟುಬಿಟ್ಟೆ, ಹನ್ನೊಂದು ವರ್ಷ ಅಲ್ಲೇ ಇದ್ದೆ. ಕಂಪ್ಲಿಗೆ ವರ್ಗವಾಗಿ ಬಂದದ್ದು ಹೋದ ವರ್ಷ.

"ಹಂಗಾದ್ರ ಒಂದ ಕುಟುಂಬ, ಒಂಬತ್ತು ಮಂದಿ," ಅಂದು ನಾನು ಬೆರಳು ಒತ್ತಬೇಕು, ಅಷ್ಟರಲ್ಲಿ ಉಜ್ಜಿನಪ್ಪನವರ ಹೆಂಡತಿ ಕಾವ್ಯ ಅಡುಗೆಮನೆಯ ಬಾಗಿಲಿನಿಂದ ಅಂದಳು.

"ಹಾಲೇಶಂದು ಮ್ಯಾಲ ಬ್ಯಾರೆ ಒಲಿ ಐತಲ್ರಿ."

ಉಜ್ಜಿನಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದರು. "ಅದೇನ್ ಒಲಿನ? ಒಂದು ಗ್ಯಾಸು, ಎರಡು ಪಾತ್ರಿ. ಅದನ್ನ ಬರಿಯಾಕ ಹೋಗಬ್ಯಾಡ್ರಿ ಮೇಡಂ."

"ಅಲ್ಲೇ ಉಣ್ತಾರೇನ್ರಿ? ದಿನಾ?"

ಮರುಳಸಿದ್ದಮ್ಮ ಮೊರದಲ್ಲಿ ಇಲ್ಲದ ಕಲ್ಲನ್ನು ಹುಡುಕುತ್ತಿದ್ದರು.

"ಹಂಗಾದ್ರ ನಾನು ಮ್ಯಾಲ ಹೋಗಿ ನೋಡ್ಬೇಕಾಗ್ತೈತ್ರಿ," ಅಂದು ಎದ್ದೆ. ಮೆಟ್ಟಿಲು ಹದಿನೆಂಟು ಇದ್ದವು. ಯಾಕೆ ಎಣಿಸಿದೆನೋ.

ಮಹಡಿಯ ಮೇಲೆ ತಗಡಿನ ನೆರಳು, ಅದರ ಕೆಳಗೆ ಒಂದು ಕೋಣೆ. ಹಾಲೇಶ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದ. ಗಿರಣಿಯ ಮಷೀನು ಬಿಚ್ಚುವ ಕೈಯಲ್ಲಿ ಹಿಟ್ಟು. ಕಿವಿಯ ಮೇಲೆ ಕೂದಲು ನರೆತಿತ್ತು. ಕಾಲ ಸಪ್ಪಳಕ್ಕೆ ತಿರುಗಿದವನು ಹಾಗೇ ನಿಂತ. ಹಂಚಿನ ಮೇಲಿನ ರೊಟ್ಟಿ ಹೊತ್ತುವ ತನಕ ನಿಂತೇ ಇದ್ದ.

"ಬಂದಿ?" ಅಂದ. ಮೂಲೆ ಅಂಗಡಿಗೆ ಹೋಗಿ ಬಂದವಳನ್ನು ಕೇಳಿದ ಹಾಗೆ.

"ಸರ್ಕಾರಿ ಕೆಲಸದ ಮ್ಯಾಲ ಬಂದೀನಿ. ಮರ್ಯಾದಿ ಕೊಟ್ಟು ಮಾತಾಡ್ರಿ."

"ಆತ್ರಿ ಮೇಡಂ. ಕೇಳ್ರಿ."

"ರೊಟ್ಟಿ ಹೊತ್ತಾಕತ್ತೈತಿ."

"ಹೊತ್ತಲಿ."

ನಾನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಕುಟುಂಬದ ಯಜಮಾನರು?"

"ನಾನ."

"ಒಟ್ಟು ಎಷ್ಟು ಮಂದಿ?"

"ಅದೂ ನಾನ."

"ಮದುವೆಯಾದ ಜೋಡಿ?"

ಅವನ ನೋಟ ನನ್ನ ಕೊರಳಿಗೆ, ಕಾಲಿನ ಬೆರಳಿಗೆ ಹೋಗಿ ಬಂತು. ಅಲ್ಲಿ ತಾಳಿ, ಕಾಲುಂಗುರ ಕಾಣದೆ ಸಣ್ಣಗೆ ಉಸಿರು ಬಿಟ್ಟ. ನೋಡಿದ್ದನ್ನು ನಾನು ನೋಡಿದೆ.

"ಸಂಖ್ಯೆ ಹೇಳ್ರಿ."

"ಸೊನ್ನಿ."

"ಮುಖ್ಯವಾಗಿ ಉಣ್ಣುವ ಧಾನ್ಯ?"

"ಜೋಳ."

"ಅಕ್ಕಿ ಗಿರಣಿ ಮನ್ಯಾಗ?"

"ನಿಮ್ಮವ್ವ ಕೆಡಿಸಿದ ನಾಲಿಗಿ ಇದು. ಹನ್ನೆರಡು ವರ್ಷ ಆತು ಬಡಿಯಾಕತ್ತಿ, ಇನ್ನಾ ಆ ರುಚಿ ಬಂದಿಲ್ಲ."

ನನ್ನ ಬೆರಳು ನಿಂತಿತು. "ಹನ್ನೆರಡು ವರ್ಷದಿಂದ ಬ್ಯಾರೆ ಉಣ್ತೀಯಾ?"

"ಅದು ಫಾರ್ಮಿನಾಗ ಐತೇನ್ರಿ?"

"ಇಲ್ಲ. ನಾನು ಕೇಳಾಕತ್ತೀನಿ."

ಅವನು ಗ್ಯಾಸು ಆರಿಸಿದ. ಕೈ ಒರೆಸಿಕೊಂಡ. ಆಮೇಲೆ ನಿಧಾನಕ್ಕೆ ಹೇಳಿದ. ಆ ದಿನ ಅವನಿಗೆ ಕಪ್ಪು ಕಂಡೇ ಇರಲಿಲ್ಲ. ನಾನು ಹೋದ ಮೇಲೆ ಅವನವ್ವ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹೊರಗೆ ಎಸೆದಾಗ ಕಂಡಿತು. ಆ ರಾತ್ರಿಯೇ ಎಲೆ ಮುಂದಿನಿಂದ ಎದ್ದವನು ಮತ್ತೆ ಕೆಳಗೆ ಉಣ್ಣಲಿಲ್ಲ. ಯಾಕೆ ಅಂತ ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಮೂರು ಸಲ ಬಂಡ್ರಿಗೆ ಬಂದಿದ್ದೆ, ಮಿತ್ರಾ. ನೀ ಸಾಲಿ ಹುಡುಗರ ಜೋಡಿ ನಕ್ಕೋತ ಹೊಂಟಿದ್ದಿ. ಯಾವ ಮಕ ಹೊತ್ಕೊಂಡು ಮುಂದ ಬರ್ಲಿ ಅನ್ಸ್ತು. ತಿರುಗಿ ಬಸ್ ಹತ್ತಿದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ಮುಂದೆ ಬಿಟ್ಟೆ.

"ನೀ ನನ್ನ ಸಲುವಾಗಿ ಹನ್ನೆರಡು ವರ್ಷ ಕೈ ಸುಟ್ಕೊಂಡಿ. ನನಗ ಹೇಳ್ದವ್ರು ಯಾರು? ಅಲ್ಲಿ ನಾನು ಪ್ರತಿ ರಾತ್ರಿ ನೀ ಆ ಚಾ ಆರಿಸಿ ಕುಡಿಯೋದನ್ನ ನೋಡ್ಕೋತ ಮಲಗ್ತಿದ್ದೆ. ಒಂದು ಮಾತು ಆಡಿದ್ರ ಸಾಕಿತ್ತು. ಈ ಒಲಿ ತಗೊಂಡು ನಾನೇನ್ ಮಾಡ್ಲಿ?"

ಅವನ ಕಣ್ಣು ಕೆಂಪಾಗಿದ್ದವು.

"ಕೆಳಗ ನಿಮ್ಮಣ್ಣ ಒಂದ ಒಲಿ ಅಂದಾರ," ಅಂದೆ. "ಎರಡು ಬರೀಬೇಕಂದ್ರ ಅವ್ರ ಮುಂದ ನೀನ ಹೇಳು. ಯಾಕ ಅನ್ನೋದೂ ಹೇಳು."

"ಯಾಕ ಅನ್ನೋದು ಫಾರ್ಮಿಗೆ ಬೇಕೇನು?"

"ನನಗ ಬೇಕು."

ನಾನು ತಿರುಗಿ ಮೆಟ್ಟಿಲು ಇಳಿದೆ. ಹಿಂದೆ ಅವನು ಬರುತ್ತಾನೋ ಇಲ್ಲವೋ ಅಂತ ಒಂದೊಂದು ಮೆಟ್ಟಿಲಿಗೂ ಕಿವಿಗೊಟ್ಟೆ. ಬಾರದೆ ಇದ್ದರೆ ಒಂಬತ್ತು ಮಂದಿ ಅಂತ ಬರೆದು, ಮುಂದಿನ ಮನೆಗೆ ಹೋಗಿ, ಇವನನ್ನು ಮರೆಯುವುದೆಂದು ನಿಶ್ಚಯ ಮಾಡಿದ್ದೆ. ಅರ್ಧ ದಾರಿ ಬಂದ ಮೇಲೆ ಅವನ ಕಾಲಿನ ಸಪ್ಪಳ ಕೇಳಿಸಿತು.

"ಎರಡ ಬರ್ಕೊಳ್ರಿ," ಅಂದ ಹಾಲೇಶ, ಪಡಸಾಲೆಯ ನಡುವೆ ನಿಂತು.

"ಸುಮ್ನಿರಲೇ," ಅಂದರು ಉಜ್ಜಿನಪ್ಪ. "ಓಣ್ಯಾಗ ಏನಂತಾರ?"

"ಏನಾರ ಅನ್ಲಿ. ಅಣ್ಣ, ಇವ್ರು ಸಂಘಮಿತ್ರಾ. ಹನ್ನೆರಡು ವರ್ಷದ ಹಿಂದ ಇಲ್ಲೇ ಕುಂತಿದ್ರು, ನೀ ಗಿರಣ್ಯಾಗಿದ್ದಿ. ಅವ್ವ ನಮಗೆಲ್ಲಾ ಲೋಟದಾಗ ಚಾ ಕೊಟ್ಟು ಇವ್ರಿಗೆ ಪೇಪರ್ ಕಪ್ಪಿನಾಗ ಕೊಟ್ಳು. ನಾನು ಕುಂತು ನಂದು ಕುಡ್ದೆ. ಅವ್ವಂದು ಎಷ್ಟು ತಪ್ಪೋ ನಂದೂ ಅಷ್ಟ ತಪ್ಪು. ಅವತ್ತ ಈ ಮನಿ ಒಡೆದೈತಿ. ನಾನು ಈಕೀನ್ನ ಬಿಟ್ಟು ಯಾರನ್ನೂ ಬಯಸಿಲ್ಲ, ಮುಂದೂ ಬಯಸಾಂಗಿಲ್ಲ. ಇದನ್ನ ಅವತ್ತ ಹೇಳ್ಬೇಕಿತ್ತು."

ಒಂದು ಮಾತನ್ನೂ ಅವನು ನುಂಗಲಿಲ್ಲ.

ಮರುಳಸಿದ್ದಮ್ಮ ಮೊರ ಕೆಳಗಿಟ್ಟರು. ನನ್ನ ಕಡೆ ನೋಡಲು ಅವರಿಗೆ ಕಷ್ಟವಾಗುತ್ತಿತ್ತು, ಆದರೂ ನೋಡಿದರು. "ಎರಡ ಬರ್ಕೋ ತಾಯಿ," ಅಂದರು. "ಅಂವ ಹೇಳೋದು ಖರೇ ಐತಿ. ಅಂವ ಉಣ್ಣದ ಎದ್ದದ್ದು ಯಾಕ ಅಂತ ನನಗ ಅವತ್ತ ಗೊತ್ತಿತ್ತು, ಕೇಳಾಕ ಬಾಯಿ ಬರಲಿಲ್ಲ."

ನಾನು ತಲೆ ಆಡಿಸಿದೆ. ಅವರನ್ನು ಅಲ್ಲೇ ಕ್ಷಮಿಸಿದೆ ಅಂದರೆ ಸುಳ್ಳಾದೀತು. ಆದರೆ ಆ ಮಾತು ಕೇಳಿ ನನಗೆ ಹಗುರಾಯಿತು.

ಕೊನೆಗೆ ಉಳಿದದ್ದು ಮೊಬೈಲ್ ನಂಬರು. ಕಣ್ಣು ಮಂಜಾಗಿತ್ತು, ಬೇಗ ಮುಗಿಸಬೇಕೆಂದು ಹತ್ತೂ ಅಂಕಿ ಒತ್ತಿದೆ. ಪಕ್ಕದಿಂದ ಬಗ್ಗಿ ನೋಡುತ್ತಿದ್ದ ಕಾವ್ಯ, "ಮೇಡಂ, ಅಂವ ಇನ್ನಾ ನಂಬರ್ ಹೇಳೇ ಇಲ್ಲಲ್ರಿ," ಅಂದಳು.

ಎಲ್ಲರೂ ನನ್ನನ್ನೇ ನೋಡಿದರು.

"ಬದ್ಲಿ ಮಾಡಿಲ್ಲ, ಅದ ನಂಬರ್ ಐತಿ," ಅಂದ ಹಾಲೇಶ ಮೆಲ್ಲಗೆ. "ಆದ್ರ ನಿನಗ ಹೆಂಗ ಗೊತ್ತು?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ವರ್ಷಕ್ಕೊಮ್ಮೆ ಬಂಡ್ರಿ ಸಾಲಿ ಫೋನಿಂದ ಹಚ್ತಿದ್ದೆ. ನೀ ಹಲೋ ಅಂದಮ್ಯಾಲ ಇಡ್ತಿದ್ದೆ."

"ನೀನಾ ಅದು? ನಾನು ಲೋನ್ ಕೊಡೋರು ಅಂತ ಬೈದಿದ್ದೆ."

"ಬೈದಿದ್ದೂ ಕೇಳೀನಿ."

ಕಾವ್ಯ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಾಯಿ ಬಿಡದವನು ಅವನೊಬ್ಬನೇ ಅಲ್ಲ ಅಂತ ನನಗೆ ಆಗ ಹೊಳೆಯಿತು. ನಾನೂ ಹನ್ನೆರಡು ವರ್ಷ ಒಂದು ಮಾತಾಡಿರಲಿಲ್ಲ.

"ಫೆಬ್ರವರಿಗೆ ಮಂದಿ ತಲಿ ಎಣಿಸಾಕ ಮತ್ತ ಬರ್ತಾರಂತ," ಅಂದ ಹಾಲೇಶ, ಎಲ್ಲರ ಮುಂದೆಯೇ. "ಆವಾಗ ನನ್ನ ಒಲಿಗೆ ಇಬ್ರು ಅಂತ ಬರಸ್ಬೇಕಂತೀನಿ. ನೀ ಒಪ್ಪಿದ್ರ."

ನಾನು ಮೊಬೈಲ್ ಬ್ಯಾಗಿನೊಳಗೆ ಇಟ್ಟೆ. "ಆವಾಗ ನಾನು ಈ ಮನಿಗೆ ಬರಾಂಗಿಲ್ಲ," ಅಂದೆ. ಅವನ ಮುಖ ಸಣ್ಣದಾಯಿತು.

"ಬ್ಯಾರೆ ಯಾರನ್ನಾರ ಕಳಸ್ಬೇಕಾಗ್ತೈತಿ," ಅಂದೆ. "ನಾನು ಇರೋ ಮನೀನ ನಾನ ಹೆಂಗ ಎಣಿಸ್ಲಿ?"