ಯಾರ ಕೈಯ ಥಾಯ್ ಅಡುಗೆ

"ಈ ಸೂಪ್ ಮಾಡಿದವ್ರನ್ನ ಸ್ವಲ್ಪ ಕರೀರಿ."

ಹೊರಗಿನಿಂದ ಬಂದ ಮಾತು ಕೇಳಿ ಸಂಘಮಿತ್ರಾಳ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ರಾಯಚೂರು ಸ್ಟೇಶನ್ ಹತ್ತಿರದ ಜಿಲಾನಿ ಪಾಷಾರ ಹೋಟೆಲಿನಲ್ಲಿ ಅವಳ ಕೆಲಸ ತರಕಾರಿ ಹೆಚ್ಚುವುದು. ಮೆನುವಿನಲ್ಲಿದ್ದ ಥಾಯ್ ಐಟಂಗಳನ್ನು ಮಾಸ್ಟರ್ ಟೊಮೆಟೊ ಸಾಸು, ಸಕ್ಕರೆ, ಕೆಂಪು ಬಣ್ಣ ಸುರಿದು ಮಾಡುತ್ತಿದ್ದರು. ಇವತ್ತು ಮಾಸ್ಟರ್ ರಜೆ. ಆರ್ಡರ್ ಬಂದಾಗ ಇವಳು ಯಾರನ್ನೂ ಕೇಳದೆ, ತನಗೆ ಗೊತ್ತಿದ್ದ ಹಾಗೆ ಮಾಡಿ ಕಳಿಸಿಬಿಟ್ಟಿದ್ದಳು.

ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಬಿಳಿ ಅಂಗಿಯ ಯುವಕ, ತೋಳಿನ ಮಡಿಕೆಯಲ್ಲಿ ಅಕ್ಕಿ ತೌಡಿನ ಪುಡಿ.

"ಕೂದಲಾ ಸಿಕ್ತೇನ್ರಿ?" ಎಂದಳು, ನೆಲ ನೋಡುತ್ತ.

"ಕೂದಲಲ್ಲ. ಬ್ಯಾಂಕಾಕ್ ಸಿಕ್ತು."

ಅವಳು ತಲೆ ಎತ್ತಿದಳು. ಅವನ ಮೂಗಿನ ತುದಿ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದ.

"ಹೋದ ಸಾರಿ ಬಂದಾಗ ಪಾನಕ ಕೊಟ್ಟಿದ್ರಲ್ಲ?"

"ಅದು ಮಾಸ್ಟರ್‌ದು ರೀ. ಅವ್ರು ಇವತ್ತು ರಜಾ."

"ಹಂಗಾರ ಅವ್ರು ರಜಾದಾಗೇ ಇರಲಿ." ಗಲ್ಲಾದಲ್ಲಿದ್ದ ಜಿಲಾನಿ ಪಾಷಾ ಕೆಮ್ಮಿದರು. ಅವನು ದನಿ ತಗ್ಗಿಸಿದ. "ಎಲ್ಲಿ ಕಲ್ತ್ರಿ ಇದನ್ನ?"

"ಬುದ್ಧಗಯಾದಾಗ. ಥಾಯ್ ವಿಹಾರದ ಅಡಗಿಮನ್ಯಾಗ ನಮ್ಮ ಸೋದರತ್ತಿ ಕೂಡ ಕೆಲಸಕ್ಕಿದ್ದೆ."

ಹೇಳಿ ಅವನ ಕಣ್ಣನ್ನೇ ನೋಡಿದಳು. ಶಾಲೆ ಬಿಟ್ಟ ಮೇಲೆ ಸಂಘಮಿತ್ರಾ ಕಲಿತದ್ದೆಲ್ಲ ನೋಡಿಯೇ. ಬುದ್ಧಗಯಾ ಅಂದ ಕೂಡಲೇ ಜನ ಲೆಕ್ಕ ಹಾಕುತ್ತಾರೆ: ಯಾರ ಪೈಕಿ, ಯಾವ ಓಣಿ. ಲೆಕ್ಕ ಮುಗಿದಾಗ ಕಣ್ಣು ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ತಮ್ಮ ನೀರಿನ ಲೋಟದ ಕಡೆ ಹೋಗುತ್ತದೆ.

ಅವನ ಕಣ್ಣು ನಿಂತಿತು. ಆಮೇಲೆ ಸೂಪಿನ ಕಡೆ ಹೋಯಿತು. ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದ.

ಅವನು ಮಲ್ಲೇಶ. ಮಾನ್ವಿಯ ವಿರೂಪಣ್ಣ ಸಾವ್ಕಾರರ ಮಗ, ರೈಸ್ ಮಿಲ್ಲಿನವರು. ಮಿಲ್ಲಿನ ಮಷಿನ್ ನೋಡಲು ಬ್ಯಾಂಕಾಕಿಗೆ ಹೋದವನು ಅಲ್ಲಿ ಬೀದಿಗಾಡಿಯ ಊಟಕ್ಕೆ ಮನಸ್ಸು ಕೊಟ್ಟು ಬಂದಿದ್ದ. ಹೈದರಾಬಾದಿನಲ್ಲಿ ಹುಡುಕಿದ್ದ, ಬೆಂಗಳೂರಿನಲ್ಲಿ ಹುಡುಕಿದ್ದ.

"ಅಲ್ಲಿದ್ದಾಗ ಜೋಳದ ರೊಟ್ಟಿ ಹುಡುಕಿದೆ. ಇಲ್ಲಿಗೆ ಬಂದು ಅಲ್ಲಿಯ ಊಟ ಹುಡುಕಾಕತ್ತೀನಿ," ಎಂದ ಇನ್ನೊಂದು ದಿನ.

"ನಿಮಗ ಎಲ್ಲಿದ್ರೂ ಇಲ್ಲದ್ದೇ ಬೇಕೇನ್ರಿ?"

"ಇಷ್ಟು ದಿನ ಹಂಗೇ ಇತ್ತು," ಎಂದು ಅವಳನ್ನೇ ನೋಡಿದ. ಅವಳು ಖಾಲಿ ತಟ್ಟೆಯನ್ನು ಒರೆಸಿದ್ದೇ ಒರೆಸಿದ್ದು.

ಮಾನ್ವಿಯಿಂದ ರಾಯಚೂರಿಗೆ ಅವನಿಗೆ ಇದ್ದಕ್ಕಿದ್ದಂತೆ ಬಹಳ ಕೆಲಸ ಬೀಳತೊಡಗಿತು. ಒಮ್ಮೆ ಹೈದರಾಬಾದಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಥಾಯ್ ಶುಂಠಿ ತಂದ. ಇನ್ನೊಮ್ಮೆ ಮೀನಿನ ಸಾಸಿನ ಬಾಟಲಿ ತಂದ. ಅವನ ಮನೆಯಲ್ಲೋ ಲಿಂಗಪೂಜೆಯಾಗದೆ ನೀರು ಮುಟ್ಟದ ತಾಯಿ.

"ಮನ್ಯಾಗ ಗೊತ್ತಾದ್ರ?"

"ಕಾರಿನ ಡಿಕ್ಕ್ಯಾಗ ಮುಚ್ಚಿ ತಂದೀನಿ. ಸೋರಿಬಿಟ್ಟದ. ಅವ್ವ ಕಾರು ಹತ್ತಾಕತ್ತಿಲ್ಲ, ಇಲಿ ಸತ್ತದ ಅಂತಾಳ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವನು ಆ ನಗು ಮುಗಿಯುವವರೆಗೂ ಕಾದ, ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಕಾಯುವವನ ಹಾಗೆ.

"ನೀವು ಥಾಯ್ಲೆಂಡ್ ನೋಡಬೇಕು, ಮಿತ್ರಾ."

"ನಾಲಿಗಿ ನೋಡ್ಯದ. ಕಣ್ಣು ನೋಡಿಲ್ಲ."

"ಕಣ್ಣಿಗೂ ತೋರಸ್ತೀನಿ." ಹೇಳಿದವನೇ ಬಿಲ್ಲು ಕೊಡದೆ ಎದ್ದುಹೋದ, ಆಮೇಲೆ ನಾಚಿಕೊಂಡು ವಾಪಸ್ ಬಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಮಿಲ್ಲಿಗೆ ಹೊಸ ಮಷಿನ್ ಬಂತು. ಕೂಡಿಸಲು ಥಾಯ್ಲೆಂಡಿನಿಂದ ನೋಕ್ ಎಂಬ ಇಂಜಿನಿಯರ್ ಬಂದಿದ್ದಳು. ಬಂದಾಗಿನಿಂದ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಏನೂ ತಿಂದಿರಲಿಲ್ಲ.

"ಒಂದಿನ ನಮ್ಮ ಮನಿಗೆ ಬಂದು ಮಾಡ್ತೀರೇನು?" ಮಲ್ಲೇಶ ಕೇಳಿದ. "ಮನಿಯವ್ರೂ ಉಣ್ತಾರ."

"ಮನ್ಯಾಗ ಹೇಳೀರೇನು?"

"ಹೇಳೀನಿ."

ಅವಳು ಕೂದಲಿಗೆ ಎಣ್ಣೆ ಹಚ್ಚಿ, ಅತ್ತೆ ಗಯಾದಿಂದ ತಂದಿದ್ದ ಮರದ ಒರಳನ್ನು ಸೀರೆಯಲ್ಲಿ ಗಂಟು ಕಟ್ಟಿಕೊಂಡು ಮಾನ್ವಿಯ ಬಸ್ಸು ಹತ್ತಿದಳು. ಅವನ ಮನೆ ನೋಡುತ್ತೇನೆ ಎಂಬುದೇ ಅವಳಿಗೆ ದಾರಿಯುದ್ದಕ್ಕೂ ಗುಂಗಾಗಿತ್ತು.

ಒಲೆಯನ್ನು ಮನೆಯೊಳಗಲ್ಲ, ಪಕ್ಕದ ಮಿಲ್ಲಿನ ಹಿಂದೆ, ತೌಡಿನ ಗೋದಾಮಿನ ಪಕ್ಕ ಹೂಡಿದ್ದರು. "ಗಾಳಿ ಚಲೋ ಬರ್ತದ ಇಲ್ಲಿ," ಎಂದ ಮಲ್ಲೇಶ, ಎತ್ತಲೋ ನೋಡುತ್ತ. ಅವಳು ನಂಬಿದಳು. ನಂಬಬೇಕೆಂದಿತ್ತು. ಪಪ್ಪಾಯಿ ಕಾಯಿ ಹೆರೆದು, ಶೇಂಗಾ ಹುರಿದು, ಹಸಿಮೆಣಸು, ಬೆಲ್ಲ, ಹುಣಸೆರಸ ಹಾಕಿ ಕುಟ್ಟಿದಳು. ಮನೆಯವರ ಮರ್ಯಾದೆಗೆ ಎಲ್ಲವೂ ಮೀನಿಲ್ಲದ್ದು. ಮೀನಿನ ಸಾಸಿನ ಜಾಗಕ್ಕೆ ಹುಳಿಸಿದ ಸೋಯಾ ಸಾಸು.

ಮನೆಯ ಪಡಸಾಲೆಯಲ್ಲಿ ಪಂಕ್ತಿ ಕೂತಿತು. ನೋಕ್ ಮೊದಲ ತುತ್ತಿಗೇ ಕಣ್ಣು ಮುಚ್ಚಿದಳು. ವಿರೂಪಣ್ಣ ಎರಡನೇ ಸಲ ಹಾಕಿಸಿಕೊಂಡರು. ಬಾಗಿಲ ಮರೆಯಲ್ಲಿ ನಿಂತ ಸಂಘಮಿತ್ರಾ ಅವರ ಹಣೆಯ ಬೆವರು ನೋಡಿ ಹಿಗ್ಗಿದಳು.

"ಯಾವ ಹೋಟ್ಲಿಂದೋ ಇದು?" ವಿರೂಪಣ್ಣ ಕೇಳಿದರು.

"ರಾಯಚೂರಿಂದು ಯಪ್ಪಾ. ಸ್ಟೇಶನ್ ಹತ್ರ," ಎಂದ ಮಲ್ಲೇಶ.

"ಮಾಸ್ಟರ್ ಅಲ್ಲಿಯವನಾ ಏನು, ಬ್ಯಾಂಕಾಕಿನವ?"

ಮಲ್ಲೇಶ ತಟ್ಟೆ ನೋಡಿದ. "ಹೂಂ. ಅಲ್ಲಿಯ ಕೈನೇ."

"ಹೋಟ್ಲಿಂದಾದ್ರ ಚಿಂತಿಲ್ಲ ಬಿಡು," ಎಂದಳು ತಾಯಿ ವೀರಭದ್ರಮ್ಮ. "ಅಲ್ಲಿ ಯಾರ ಕೈ ಅಂತ ಯಾರು ನೋಡ್ತಾರ?"

ಸಂಘಮಿತ್ರಾಳಿಗೆ ಗಾಳಿ ಚೆನ್ನಾಗಿ ಬರುವ ಜಾಗದ ಅರ್ಥ ಆಯಿತು.

ಅವಳು ಹತ್ತು ಜನರ ಮುಂದೆ ಎಂದೂ ಬಾಯಿ ತೆರೆದವಳಲ್ಲ. ಆದರೂ ಪಡಸಾಲೆಯ ನಡುವೆ ಬಂದು ನಿಂತಳು.

"ಇದು ಹೋಟ್ಲಿನ ಅಡಗಿ ಅಲ್ರಿ. ನಾ ಮಾಡೀನಿ. ನಾ ಸಂಘಮಿತ್ರಾ, ದೇವದುರ್ಗದ ರಾಮಲಿಂಗಪ್ಪನ ಮಗಳು."

ಕೈಗಳು ತಟ್ಟೆಯಲ್ಲೇ ನಿಂತವು.

"ಯಾವ ರಾಮಲಿಂಗಪ್ಪ?" ವೀರಭದ್ರಮ್ಮ ಕೇಳಿದಳು. ಆ ಪ್ರಶ್ನೆಗೆ ಒಂದೇ ಉತ್ತರವಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಬುದ್ಧವಿಹಾರದ ಓಣಿ ರಾಮಲಿಂಗಪ್ಪ. ಉಂಡದ್ದು ಉಂಡ್ರಿ. ಉಳಿದದ್ದು ನಾ ಒಯ್ತೀನಿ."

ನೋಕ್‌ಳ ಪಾಲಿನ ಬಟ್ಟಲೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಎತ್ತಿಕೊಂಡು, ಒರಳು ಬಗಲಲ್ಲಿ ಅವಚಿ ಹೊರಬಿದ್ದಳು. ಗೇಟಿನ ಬಳಿ ಮಲ್ಲೇಶ ಓಡಿಬಂದ.

"ಮಿತ್ರಾ, ನಿಮಗ ನೋವಾಗಬಾರದು ಅಂತ ಹಂಗ ಹೇಳಿದೆ."

"ನನಗಲ್ಲ ರೀ. ನಿಮಗ." ಅವಳು ನಿಂತು ಹೇಳಿದಳು. "ಹೋಟ್ಲಿನ ಹೆಸರಿನ ಹಿಂದ ನಿಮ್ಮ ಮಾನ್ವಿಯ ಎಷ್ಟೋ ಮಂದಿಗೆ ಉಣಿಸೀನಿ. ಅಲ್ಲಿ ಅದಕ್ಕ ಪಗಾರ ಕೊಡ್ತಾರ. ಇಲ್ಲಿ ನೀವು ಏನು ಕೊಡೋಣ ಅಂತಿದ್ರಿ?"

ಬಸ್ಸು ಬಂತು. ಅವಳು ಕಿಟಕಿಯಿಂದ ತಿರುಗಿ ನೋಡಲಿಲ್ಲ, ನೋಡಿದ್ದರೆ ಅಳುತ್ತಿದ್ದಳು.

ಮರುದಿನ ಜಿಲಾನಿ ಪಾಷಾರ ಮುಂದೆ ನಿಂತು, "ಚಾಚಾ, ಮೆನುದಾಗ ನನ್ನ ಹೆಸರು ಹಾಕ್ರಿ. ಇಲ್ಲಾಂದ್ರ ಕೆಲಸ ಬಿಡ್ತೀನಿ," ಎಂದಳು.

ಪಾಷಾ ಗಡ್ಡ ಕೆರೆದುಕೊಂಡರು. "ಮೆನುದಾಗ ಹಾಕಿದ್ರ ಮಾಸ್ಟರ್ ನನ್ನ ಕೊಲ್ತಾನ, ಬೇಟಿ. ಹೊರಗ ಜ್ಯೂಸಿನ ಗಾಡಿ ಖಾಲಿ ಬಿದ್ದದ. ಅದರ ಮ್ಯಾಲೆ ಬೇಕಾದ್ದು ಬರಕೋ."

ಗಾಡಿಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದಳು: ದೇವದುರ್ಗದ ಸಂಘಮಿತ್ರಾ, ಥಾಯ್ ಅಡುಗೆ. ಕೆಲವರು ಓದಿ, ಲೆಕ್ಕ ಹಾಕಿ, ಮುಂದೆ ಹೋದರು. ಕೆಲವರು ಓದಿ ನಿಂತರು. ಕಾಲೇಜಿನ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಪ್ಲೇಟು ಕೇಳಿದರು. ಅವಳು ಜೋರಾಗಿ ಕುಟ್ಟುತ್ತಿದ್ದಳು. ಆ ಸಪ್ಪಳದಲ್ಲಿ ಬೇರೆ ಯಾವ ನೆನಪೂ ಕೇಳಿಸಬಾರದು ಎಂದು.

ಒಂದು ಮಧ್ಯಾಹ್ನ, ಗಾಡಿಯ ಸುತ್ತ ಜನ ತುಂಬಿದ್ದಾಗ, ಸಾಲಿನ ಕೊನೆಗೆ ಮಲ್ಲೇಶ ಬಂದು ನಿಂತ. ಗಡ್ಡ ಬಿಟ್ಟಿದ್ದ. ಕೈಯಲ್ಲಿ ಒಂದು ಸ್ಟೀಲಿನ ತಾಟು. ಅವನ ಸರದಿ ಬಂದಾಗ ಅದನ್ನೇ ಮುಂದೆ ಹಿಡಿದ.

"ಇದ್ರಾಗ ಹಾಕ್ರಿ."

"ನಮ್ಮಲ್ಲಿ ಪ್ಲೇಟ್ ಅದಾವು."

"ಅವತ್ತು ಅವ್ವ ತಾಟು ಎಲ್ಲಾ ಹುಣಸೆಹಣ್ಣು ಹಚ್ಚಿ ತೊಳಿಸಿದ್ಲು. ನಾ ನಂದು ತೊಳ್ಯಾಕ ಕೊಡಲಿಲ್ಲ. ಆ ಹುಡುಗಿನ್ನೇ ಮದುವಿ ಆಗಾಂವ ಅಂದೆ. ಹಂಗಾರ ನಿನ್ನ ತಾಟು ಇನ್ನ ಬ್ಯಾರೆ ಇಡ್ತೀವಿ ಅಂದ್ರು." ಅವನು ತಾಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಬ್ಯಾರೆ ಆದದ್ದು ಆತು, ಇಲ್ಲಿಗೇ ಇರಲಿ ಅಂತ ತಂದೆ."

ಹಿಂದಿದ್ದ ಮಾನ್ವಿಯ ಧಾನ್ಯದ ಅಡತ್ ವ್ಯಾಪಾರಿ ಪ್ರಭುರಾಜ ಇಣುಕಿದ. "ಏನ್ ಮಲ್ಲೇಶಪ್ಪಾ, ಇಲ್ಲಿ ನಿಂತೀರಿ? ಯಾರಿವ್ರು?"

ಸಂಘಮಿತ್ರಾ ಕುಟ್ಟುವುದನ್ನು ನಿಲ್ಲಿಸಿದಳು.

ಮಲ್ಲೇಶ ಪೂರ್ತಿ ತಿರುಗಿ, ಸಾಲಿಗೆಲ್ಲ ಕೇಳುವಂತೆ ಹೇಳಿದ: "ಇವ್ರು ಸಂಘಮಿತ್ರಾ. ದೇವದುರ್ಗದ ಬುದ್ಧವಿಹಾರದ ಓಣಿ ರಾಮಲಿಂಗಪ್ಪನವರ ಮಗಳು. ನಾ ಮದುವಿಯಾಗಬೇಕು ಅಂತೀನಿ. ಇವ್ರು ಇನ್ನೂ ಹೂಂ ಅಂದಿಲ್ಲ."

ಪ್ರಭುರಾಜ ಸಾಲು ಬಿಟ್ಟು ಹೊರಟ. ಕಾಲೇಜು ಹುಡುಗಿಯೊಬ್ಬಳು ಮೆಲ್ಲಗೆ, "ಅಕ್ಕಾ, ಅನ್ರಲ್ಲ," ಎಂದಳು.

ಸಂಘಮಿತ್ರಾ ತಾಟು ಈಸಿಕೊಂಡಳು. ಪಪ್ಪಾಯಿ ಹಾಕಿ, ಮೇಲೆ ಶೇಂಗಾ ಉದುರಿಸಿದಳು.

"ನಮ್ಮಪ್ಪನ್ನ ಕೇಳಾಕ ದೇವದುರ್ಗಕ್ಕ ಹಗಲೊತ್ತು ಬರ್ರಿ. ಕಾರು ಬಸ್‌ಸ್ಟ್ಯಾಂಡಿನ್ಯಾಗ ಬಿಟ್ಟು, ಪ್ಯಾಟಿ ನಡುವ ನಡಕೊಂತ ಬರ್ರಿ. ಎಲ್ಲಿಗೆ ಹೊಂಟೀರಿ ಅಂತ ಕೇಳಿದವ್ರಿಗೆಲ್ಲ ಹೇಳಬೇಕು."

"ಹೇಳ್ತೀನಿ. ಅಂದ್ರ ಹೂಂ ಅಂದ್ಹಂಗೇನು?"

ಅವಳು ತಾಟನ್ನು ಇಬ್ಬರ ನಡುವೆ ಗಾಡಿಯ ಮೇಲಿಟ್ಟು, ಸ್ಟೇಶನ್ ರಸ್ತೆಯ ಅಷ್ಟೂ ಜನರ ಎದುರು ಅದರಿಂದಲೇ ಮೊದಲ ತುತ್ತು ತಾನು ತೆಗೆದುಕೊಂಡಳು. ಆಮೇಲೆ ತಾಟನ್ನು ಅವನ ಕಡೆ ಸರಿಸಿದಳು.